ಹೆಸರಿಲ್ಲದ ಬೋರ್ಡನ್ನು ಓದುವ ಬಗೆ

ಬೆಂಗಳೂರಿನ ಪೀಣ್ಯದ ಗುಜರಿ ಅಂಗಡಿಗಳಲ್ಲಾಗಲಿ, ಎಸ್.ಪಿ. ರೋಡಿನ ಹಳೇ ಸಾಮಾನಿನ ಮಳಿಗೆಗಳಲ್ಲಾಗಲಿ ಕಂಪನಿಯ ಹೆಸರೂ ಮಾಡೆಲ್ ನಂಬರೂ ಇಲ್ಲದ ಸರ್ಕ್ಯೂಟ್ ಬೋರ್ಡುಗಳು ಸಿಗುವುದುಂಟು. 1980ರ ದಶಕದ ಮನೆ ಕಂಪ್ಯೂಟರುಗಳ ಬೆನ್ನಿಗೆ ಸಿಕ್ಕಿಸುತ್ತಿದ್ದ ಬೋರ್ಡುಗಳೂ ಅವುಗಳಲ್ಲಿರಬಹುದು. ಇಂಥವನ್ನು ಗುರುತಿಸುವ ವಿದ್ಯೆಯನ್ನು ಹಳೆಯ ಯಂತ್ರಗಳ ಆಸಕ್ತರು ತಾವಾಗಿಯೇ ಬೆಳೆಸಿಕೊಂಡಿದ್ದಾರೆ. ಅದು ಗೌರವಕ್ಕೆ ಅರ್ಹವಾದ ವಿದ್ಯೆ. ಆದರೆ ಅದು ಕೇಳಿಕೊಳ್ಳುವ ಮೊದಲ ಪ್ರಶ್ನೆಯೇ ನಮ್ಮ ಊರಿಗೆ ಹೊಂದುವುದಿಲ್ಲ.

ಆ ಪ್ರಶ್ನೆ, ‘ಇದನ್ನು ಮಾಡಿದವರು ಯಾರು?’ ಎಂಬುದು. ಇಂಗ್ಲೆಂಡ್, ಅಮೆರಿಕಗಳಲ್ಲಿ ಇಂಥ ಬೋರ್ಡುಗಳು ಅಂಗಡಿಯಲ್ಲಿ ಮಾರಾಟವಾಗುತ್ತಿದ್ದವು, ಪತ್ರಿಕೆಗಳಲ್ಲಿ ಜಾಹೀರಾತು ಬರುತ್ತಿತ್ತು. ಹಳೆಯ ಫೋಟೋಗಳ ಜೊತೆ ಹೋಲಿಸಿದರೆ ಹೆಸರು ಸಿಗುವ ಸಾಧ್ಯತೆ ಅಲ್ಲಿ ಹೆಚ್ಚು. ನಮ್ಮಲ್ಲಿ ಪುಣೆಯ ಡೆಸಿಬೆಲ್ಸ್ ಕಂಪನಿ ಸ್ಪೆಕ್ಟ್ರಮ್ ಕಂಪ್ಯೂಟರನ್ನು ಜೋಡಿಸಿ ಮಾರಿತು. ಬಿಬಿಸಿ ಮೈಕ್ರೋ ‘ಯೂನಿಕಾರ್ನ್’ ಎಂಬ ಹೆಸರಿನಲ್ಲಿ ಸರ್ಕಾರದ ‘ಕ್ಲಾಸ್’ ಯೋಜನೆಯ ಮೂಲಕ ಶಾಲೆಗಳಿಗೆ ಹೋಯಿತು. ಇವುಗಳಿಗೆ ಬೇಕಾದ ಬೋರ್ಡನ್ನು ಒಬ್ಬ ಎಂಜಿನಿಯರ್ ತನ್ನ ಲ್ಯಾಬಿಗೆಂದೇ ಮಾಡಿಕೊಂಡಿದ್ದರೆ ಅದಕ್ಕೆ ಹೆಸರು ಯಾವತ್ತೂ ಇರಲಿಲ್ಲ. ಇಲ್ಲದ ಹೆಸರನ್ನು ಫೋಟೋಗಳಲ್ಲಿ ಹುಡುಕಿದರೆ, ನೋಡಲು ಹತ್ತಿರವಿರುವ ಯಾವುದೋ ವಿದೇಶಿ ಬೋರ್ಡಿನ ಹೆಸರನ್ನು ಇದಕ್ಕೆ ಅಂಟಿಸಿ ಸುಮ್ಮನಾಗುತ್ತೇವೆ. ಈ ಹೋಲಿಕೆಯ ಚಟವೇ ಈ ವಿದ್ಯೆಯ ದೊಡ್ಡ ದೌರ್ಬಲ್ಯ.

ಹೆಸರು ಹುಡುಕುವ ಬದಲು ಬೋರ್ಡಿನ ಕೆಲಸ ಹುಡುಕಿದರೆ ಏನು ಸಿಗುತ್ತದೆ ಎನ್ನುವುದಕ್ಕೆ ಒಂದು ಮಾದರಿ ನೋಡೋಣ. ಬೋರ್ಡಿನ ಕನೆಕ್ಟರಿನಲ್ಲಿ ಎರಡು ಸಾಲು, ಸಾಲಿಗೆ 28 ಸಂಪರ್ಕಗಳು, ಐದನೆಯ ಜಾಗದಲ್ಲಿ ತಡೆ. ಇಷ್ಟು ಕಂಡರೆ ಅದು ಸ್ಪೆಕ್ಟ್ರಮ್‌ಗೆ ಸೇರಿದ್ದು ಎನ್ನಬಹುದು. ಜೆಡ್‌ಎಕ್ಸ್81 ಎಂಬ ಕಂಪ್ಯೂಟರಿನದ್ದಾಗಿದ್ದರೆ ಸಾಲಿಗೆ 23 ಇರುತ್ತಿತ್ತು. ಬೋರ್ಡಿನ ಮೇಲೆ 40 ಕಾಲಿನ ಒಂದು 8255 ಚಿಪ್ಪು, ಒಂದು 74ಎಲ್‌ಎಸ್32, ಸಾಲಾಗಿ ರಿಲೇಗಳು, ಪಕ್ಕದಲ್ಲಿ ಎಸ್‌ಎಲ್100 ಟ್ರಾನ್ಸಿಸ್ಟರುಗಳು. ಎಸ್‌ಎಲ್100 ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಮನೆಮಾತಾಗಿದ್ದ ಟ್ರಾನ್ಸಿಸ್ಟರ್. ಅದಿದ್ದರೆ ಬೋರ್ಡನ್ನು ಜೋಡಿಸಿದ್ದು ನಮ್ಮ ದೇಶದಲ್ಲೇ ಎನ್ನಲು ಗಟ್ಟಿ ಆಧಾರವಾಗುತ್ತದೆ. ಚಿಪ್ಪಿನ ಮೇಲೆ 8623 ಎಂದಿದ್ದರೆ ಅದು 1986ರ 23ನೇ ವಾರದ್ದು. ಬೋರ್ಡು ಅದಕ್ಕಿಂತ ಹಳೆಯದಲ್ಲ ಎಂದಷ್ಟೇ ಅದರಿಂದ ಹೇಳಬಹುದು. ಅದೇ ವರ್ಷದ್ದು ಎಂದು ಘೋಷಿಸುವುದು ಆತುರ.

ಮಲ್ಟಿಮೀಟರನ್ನು ಕಂಟಿನ್ಯುಟಿಗೆ ಇಟ್ಟು ತಾಮ್ರದ ಗೆರೆಗಳನ್ನು ಹಿಡಿದು ಹೊರಟಾಗ ನಿಜವಾದ ತಿಳಿವಳಿಕೆ ಬರುತ್ತದೆ. 8255ರ ವಿಳಾಸದ ಕಾಲುಗಳಾದ ಎ0, ಎ1 ಕಂಪ್ಯೂಟರಿನ ಎ0, ಎ1ಕ್ಕೇ ಹೋಗಬೇಕೆಂದು ಯಾರಾದರೂ ಎಣಿಸುತ್ತಾರೆ. ಇಲ್ಲಿ ಅವು ಎ5, ಎ6ಕ್ಕೆ ಹೋಗಿವೆ. ಚಿಪ್ಪನ್ನು ಆಯ್ಕೆ ಮಾಡುವ ಗೆರೆ 74ಎಲ್‌ಎಸ್32ರ ಮೂಲಕ ಎ7ಕ್ಕೆ ಸೇರಿದೆ. ಇದು ತಪ್ಪಲ್ಲ. ಸ್ಪೆಕ್ಟ್ರಮ್‌ನಲ್ಲಿ ಸಮಸಂಖ್ಯೆಯ ಪೋರ್ಟುಗಳಿಗೆಲ್ಲ ಅದರ ಯುಎಲ್ಎ ಚಿಪ್ಪೇ ಓಗೊಡುತ್ತದೆ. ಆದ್ದರಿಂದ ಎ0 ಯಾವಾಗಲೂ 1 ಆಗಿರುವಂತೆ ನೋಡಿಕೊಂಡು 31, 63, 95, 127 ಎಂಬ ಬೆಸಸಂಖ್ಯೆಗಳನ್ನು ಬಳಸುವ ಉಪಾಯ ಇದು. ಈ ಕಂಪ್ಯೂಟರಿನ ಒಳಹೊರಗನ್ನು ಬಲ್ಲವರು ಮೋಟಾರನ್ನೋ ದೀಪವನ್ನೋ ನಡೆಸಲು ಇದನ್ನು ಮಾಡಿದ್ದಾರೆ ಎಂದು ಈಗ ಧೈರ್ಯವಾಗಿ ಹೇಳಬಹುದು. ಹೆಸರು ಸಿಗದಿದ್ದರೂ ಒಬ್ಬರ ಯೋಚನೆ ಸಿಕ್ಕಿತು. ನನ್ನ ಮಟ್ಟಿಗೆ ಇದು ಹೆಸರಿಗಿಂತ ದೊಡ್ಡದು.

ಈ ವಿದ್ಯೆಗೆ ಶಿಸ್ತೂ ಬೇಕು. ಗುರುತು ಸಿಗುವ ಮೊದಲೇ ಬೋರ್ಡನ್ನು ಸಿಕ್ಕಿಸಿ ಸ್ವಿಚ್ ಒತ್ತುವುದನ್ನು ಒಪ್ಪಲಾಗದು. ಸ್ಪೆಕ್ಟ್ರಮ್‌ನ ಕನೆಕ್ಟರಿನಲ್ಲಿ 5 ವೋಲ್ಟ್ ಜೊತೆಗೆ 9 ವೋಲ್ಟ್ ಕೂಡ ಇದೆ. ಒಂದು ಸ್ಥಾನ ಸರಿದರೂ ಕಂಪ್ಯೂಟರೇ ಸುಟ್ಟುಹೋಗಬಹುದು. ಇಪ್ರಾಮ್ ಚಿಪ್ಪಿನ ಗಾಜಿನ ಕಿಟಕಿಯ ಮೇಲಿನ ಚೀಟಿಯನ್ನು ಕುತೂಹಲಕ್ಕೆ ಕೀಳುವುದೂ ಅಷ್ಟೇ ಕೆಟ್ಟದ್ದು. ಚೀಟಿಯ ಕೈಬರಹವೇ ಒಂದು ಸಾಕ್ಷಿ. ಒಳಗಿನ ಪ್ರೋಗ್ರಾಮನ್ನು ಅಳಿಸಬಲ್ಲ ಬೆಳಕಿಗೆ ಅದೇ ತಡೆ. ಮೊದಲು ಆ ಪ್ರೋಗ್ರಾಮನ್ನು ಓದಿ ನಕಲು ಇಟ್ಟುಕೊಳ್ಳಬೇಕು, ಉಳಿದದ್ದೆಲ್ಲ ಆಮೇಲೆ.

ಕಾಲವೂ ನಮ್ಮ ಕಡೆಗಿಲ್ಲ. ಬೋರ್ಡಿನ ಅಂಚಿನ ಸಂಪರ್ಕಗಳಿಗೆ ಚಿನ್ನದ ಲೇಪವಿದ್ದರೆ ಗುಜರಿಯವರ ಕತ್ತರಿ ಮೊದಲು ಬೀಳುವುದು ಅಲ್ಲಿಗೇ. ಯಾವ ಕಂಪ್ಯೂಟರಿನದ್ದೆಂದು ಹೇಳುವ ಭಾಗವೇ ಹೀಗೆ ಮೊದಲು ಹೋಗುತ್ತದೆ. ದಾಬಸ್‌ಪೇಟೆಯ ಇ-ಪರಿಸರದಂಥ ಘಟಕಗಳು ಇ-ತ್ಯಾಜ್ಯದ ವಿಷವನ್ನು ತಡೆಯುವ ಅಗತ್ಯ ಕೆಲಸ ಮಾಡುತ್ತಿವೆ. ಆದರೆ ಒಡೆಯುವ ಮುನ್ನ ಓದುವ ಕೆಲಸ ಅವರದಲ್ಲ, ಅದು ಬಲ್ಲವರ ಹೊಣೆ.

1970ರ ದಶಕದ ಕೊನೆಗೆ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ಕಟ್ಟಲು ಹೊರಟ ಊರು ಇದು. ಪೀಣ್ಯದಿಂದ ವೈಟ್‌ಫೀಲ್ಡ್‌ವರೆಗೆ ಇರುವ ಎಂಜಿನಿಯರಿಂಗ್ ಕಾಲೇಜುಗಳು ಇಂಥ ಒಂದೊಂದು ಬೋರ್ಡನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು, ಸರ್ಕ್ಯೂಟ್ ಬರೆಸಿ, ಖಚಿತವಾದದ್ದನ್ನೂ ಊಹೆಯನ್ನೂ ಬೇರೆಬೇರೆಯಾಗಿ ದಾಖಲಿಸಬೇಕು. ಇದಕ್ಕೆ ಬೇಕಾದದ್ದು ಮಲ್ಟಿಮೀಟರ್, ಭೂತಗನ್ನಡಿ ಮತ್ತು ತಾಳ್ಮೆ. ಮೂರೂ ನಮ್ಮ ಲ್ಯಾಬುಗಳಿಗೆ ದುಬಾರಿಯಲ್ಲ.