ಕನ್ನಡ ಬಾಲಕರ ಬುದ್ಧಿಮಾಪನವೂ ಸ್ವತಂತ್ರ ಪರೀಕ್ಷೆಯೂ

ಡಾ. ವಿ. ವಿ. ಕಾಮತರ ‘ಮೆಷರಿಂಗ್ ಇಂಟೆಲಿಜೆನ್ಸ್ ಆಫ್ ಇಂಡಿಯನ್ ಚಿಲ್ಡ್ರನ್’ ಎಂಬ ಗ್ರಂಥವು 1940ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಿಂದ ಪ್ರಕಟವಾಯಿತು. ಇಂಗ್ಲಿಷಿನಲ್ಲಿ ರಚಿತವಾದ ಈ ಮನಶ್ಶಾಸ್ತ್ರ ಗ್ರಂಥವನ್ನು ಕನ್ನಡ ಭಾಷಾಸಾಹಿತ್ಯಗಳ ವ್ಯಾಸಂಗಕ್ಕೆ ಮೀಸಲಾದ ಪುಟಗಳಲ್ಲಿ ವಿಮರ್ಶಿಸುವುದು ಅಪ್ರಕೃತವೆಂದು ಕೆಲವರಿಗೆ ತೋರಬಹುದು. ಆದರೆ ಗ್ರಂಥದ ತಿರುಳು ಕನ್ನಡವೇ ಆಗಿದೆ. ಮಗುವಿನೊಡನೆ ಯಾವ ಕನ್ನಡದಲ್ಲಿ ಮಾತನಾಡಬೇಕು, ಯಾವ ಮಾತನ್ನು ಎಷ್ಟನೆಯ ವಯಸ್ಸಿನ ಮಗುವು ತಿಳಿದಿರಬೇಕು ಎಂಬುದನ್ನು ಕಾಮತರು ಕಲ್ಪನೆಯಿಂದ ಹೇಳದೆ ಮಕ್ಕಳ ಬಾಯಿಂದಲೇ ಕೇಳಿ ನಿರ್ಣಯಿಸಲು ಯತ್ನಿಸಿದರು. ಅಲ್ಲದೆ ಈ ಪುಸ್ತಕವು ಗ್ರಂಥಭಂಡಾರದ ಮೂಲೆಯನ್ನು ಸೇರಿದ್ದಲ್ಲ. ‘ಬಿನೆ–ಕಾಮತ್ ಪರೀಕ್ಷೆ’ ಎಂಬ ಹೆಸರಿನಿಂದ ಕರ್ನಾಟಕದ ಮಕ್ಕಳ ಮುಂದೆ ಈಗಲೂ ಇಡಲ್ಪಡುತ್ತಿದೆ. ಎಂಬತ್ತು ವರ್ಷಗಳಿಗೆ ಮೇಲ್ಪಟ್ಟು ಬಳಕೆಯಲ್ಲಿ ಉಳಿದಿರುವ ಕನ್ನಡ ಕೃತಿಗಳು ಎಷ್ಟಿವೆಯೋ ವಾಚಕರೇ ಎಣಿಸಿಕೊಳ್ಳಬಹುದು.

ಈ ಪರೀಕ್ಷೆಯ ಮೂಲವನ್ನು ಸ್ವಲ್ಪ ನೋಡಬೇಕಾಗುತ್ತದೆ. 1904ರಲ್ಲಿ ಫ್ರಾನ್ಸಿನ ವಿದ್ಯಾಸಚಿವರು ಒಂದು ಸಮಿತಿಯನ್ನು ನೇಮಿಸಿದರು. ಸಾಮಾನ್ಯ ಶಾಲೆಯಲ್ಲಿ ಪಾಠವು ಹತ್ತದ ಮಗುವನ್ನು ಬೇರೆಯ ತರಗತಿಗೆ ಕಳುಹಿಸುವ ಮೊದಲು ಸರಿಯಾದ ಪರೀಕ್ಷೆಯು ನಡೆಯತಕ್ಕದ್ದೆಂದು ಆ ಸಮಿತಿಯು ಬಯಸಿತು. ಉಪಾಧ್ಯಾಯರ ಬೇಸರವಾಗಲಿ, ತಂದೆತಾಯಿಗಳ ಮೋಹವಾಗಲಿ ಮಗುವಿನ ಗತಿಯನ್ನು ನಿರ್ಣಯಿಸಬಾರದೆಂಬುದೇ ಅದರ ಆಶಯ. ಆಲ್‌ಫ್ರೆಡ್ ಬಿನೆ, ಥಿಯೊಡೋರ್ ಸಿಮೋನ್ ಎಂಬ ವಿದ್ವಾಂಸರು 1905ರಲ್ಲಿ ರಚಿಸಿದ ಪ್ರಶ್ನಾವಳಿಯು ಈ ಅಗತ್ಯದಿಂದ ಹುಟ್ಟಿತು. ಎಂದರೆ, ಇಂದು ‘ಸ್ವತಂತ್ರ ಪರೀಕ್ಷೆ’ ಎನ್ನುವ ಭಾವನೆಯು ಬುದ್ಧಿಮಾಪನಕ್ಕೆ ಆಮೇಲೆ ಅಂಟಿಸಿದ ಅಲಂಕಾರವಲ್ಲ, ಅದರ ಬೀಜವೇ ಆಗಿದೆ. ಅಮೆರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ 1975ರ ಶಾಸನವನ್ನು ಅನುಸರಿಸಿ ಇದಕ್ಕೆ ನ್ಯಾಯದ ರೂಪವೂ ದೊರೆಯಿತು. ಶಾಲೆಯವರು ಮಾಡಿಸಿದ ಪರೀಕ್ಷೆಯನ್ನು ಒಪ್ಪದ ತಂದೆತಾಯಿಗಳು, ಆ ಶಾಲೆಯ ನೌಕರರಲ್ಲದ ತಜ್ಞರಿಂದ, ಸಾರ್ವಜನಿಕ ವೆಚ್ಚದಲ್ಲಿ, ಮತ್ತೊಂದು ಪರೀಕ್ಷೆಯನ್ನು ಕೇಳಬಹುದು. ಶಾಲೆಯ ಆಡಳಿತವು ಆ ವೆಚ್ಚವನ್ನು ಕೊಡಬೇಕು. ಇಲ್ಲವೆ ತನ್ನ ಪರೀಕ್ಷೆಯು ಸಮರ್ಪಕವೆಂದು ವಿಚಾರಣಾಧಿಕಾರಿಯ ಮುಂದೆ ತೋರಿಸಬೇಕು.

ನಮ್ಮಲ್ಲಿ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ತನ್ನ ಅನುಸೂಚಿಯಲ್ಲಿ ಸೇರಿಸಿಕೊಂಡಿತು. ಅಂತಹ ಮಕ್ಕಳನ್ನು ಬೇಗನೆ ಗುರುತಿಸುವ ಹೊಣೆಯನ್ನು ವಿದ್ಯಾಸಂಸ್ಥೆಗಳ ಮೇಲೆ ಹೊರಿಸಿತು. ಪ್ರಮಾಣಪತ್ರದ ನಿರ್ಣಯದ ಮೇಲೆ ಮೇಲ್ಮನವಿಗೂ ಅವಕಾಶವನ್ನಿತ್ತಿದೆ. ಆದರೆ ಶಾಲೆಯ ಪರೀಕ್ಷೆಗೆ ಪ್ರತಿಯಾಗಿ ಸರಕಾರದ ಹಣದಲ್ಲಿ ಎರಡನೆಯ ಪರೀಕ್ಷೆಯನ್ನು ಪಡೆಯುವ ಹಕ್ಕು ಇದರಲ್ಲಿ ಇಲ್ಲ. ಹಣವುಳ್ಳವರು ಹೊರಗಿನ ತಜ್ಞರಲ್ಲಿಗೆ ಹೋಗುವರು, ಇಲ್ಲದವರು ಶಾಲೆಯ ಮಾತನ್ನೇ ನಂಬುವರು. ಶುಲ್ಕವನ್ನು ತೆತ್ತವರಿಗೆ ಪ್ರಿಯವಾದುದನ್ನೇ ಬರೆಯುವ ಪರೀಕ್ಷಕನು ಶಾಲೆಯಿಂದ ಸ್ವತಂತ್ರನಾಗಿದ್ದರೂ ಸ್ವತಂತ್ರನೆನಿಸಲಾರನು ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ಆದರೆ ಪ್ರಕೃತ ನಮ್ಮ ವಿಚಾರವು ಹಣದ್ದಲ್ಲ. ಪರೀಕ್ಷಕನು ಯಾರಿಂದ ಸ್ವತಂತ್ರನಾಗಿರಬೇಕೆಂಬುದನ್ನು ಶಾಸನಗಳು ಚರ್ಚಿಸಿವೆ. ಪರೀಕ್ಷೆಯು ಯಾವ ಭಾಷೆಯಿಂದ ಸ್ವತಂತ್ರವಾಗಿರಬೇಕೆಂಬುದನ್ನು ಚರ್ಚಿಸಿದವರು ವಿರಳ. ಇಂಗ್ಲಿಷಿನ ಅಳತೆಗೋಲನ್ನು ಹಿಡಿದು ಕನ್ನಡದ ಮಗುವನ್ನು ಅಳೆಯುವ ಪರೀಕ್ಷಕನು ಎಷ್ಟೇ ನಿಷ್ಪಕ್ಷಪಾತಿಯಾಗಿರಲಿ, ಅವನ ಕೈಯಲ್ಲಿರುವ ಕೋಲು ಪಕ್ಷಪಾತಿಯಾಗಿಯೇ ಇರುತ್ತದೆ.

ಈ ದೃಷ್ಟಿಯಿಂದ ನೋಡಿದರೆ ಕಾಮತರ ಹಿರಿಮೆಯು ತಾನಾಗಿ ಕಾಣಬರುತ್ತದೆ. ಅವರು ಕೆಲಸಮಾಡಿದ ಧಾರವಾಡವು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದು, ಅಲ್ಲಿ ಕನ್ನಡ ಮರಾಠಿಗಳೆರಡೂ ನಡೆಯುತ್ತಿದ್ದುವು. 1934ರಲ್ಲಿ ಬ್ರಿಟಿಷ್ ವಿದ್ಯಾಮನಶ್ಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನದ ಶೀರ್ಷಿಕೆಯಲ್ಲಿಯೇ ಈ ಎರಡು ಭಾಷೆಗಳ ಮಕ್ಕಳ ಹೆಸರು ಬರುತ್ತದೆ. ಅಮೆರಿಕಾದಲ್ಲಿ ಟರ್ಮನ್ನರು ಸ್ಟ್ಯಾನ್‌ಫರ್ಡಿನಿಂದ 1916ರಲ್ಲಿ ಹೊರಡಿಸಿದ ಪರಿಷ್ಕರಣವು ಎದುರಿಗಿದ್ದರೂ ಅದನ್ನು ಅವರು ಭಾಷಾಂತರಿಸಿ ಕೈತೊಳೆದುಕೊಳ್ಳಲಿಲ್ಲ. ಪ್ರಶ್ನೆಗಳನ್ನು ಇಲ್ಲಿಯ ಮಕ್ಕಳ ಮೇಲೆ ಪ್ರಯೋಗಿಸಿ, ಯಾವುದು ಯಾವ ವಯಸ್ಸಿಗೆ ತಕ್ಕುದೆಂಬುದನ್ನು ಹೊಸದಾಗಿ ಗೊತ್ತುಮಾಡಿದರು. ಸುಲಭವೆಂದು ಅಲ್ಲಿ ಎಣಿಸಿದ್ದು ಇಲ್ಲಿ ಕಠಿನವಾಗಬಹುದು, ಅಲ್ಲಿಯ ಕಠಿನವು ಇಲ್ಲಿ ಸುಲಭವಾಗಬಹುದು ಎಂಬ ಎಚ್ಚರವು ಅವರಲ್ಲಿತ್ತು. ಅನುವಾದಕರಲ್ಲಿ ಈ ಎಚ್ಚರವು ಇಂದಿಗೂ ದುರ್ಲಭ.

ಆದರೂ ಗ್ರಂಥದ ಗುಣವನ್ನು ಹೇಳಿದಂತೆ ಅದರ ವಯಸ್ಸನ್ನೂ ಹೇಳಬೇಕು. ಕಾಮತರ ಮಾನದಂಡಗಳು ಆ ಕಾಲದ ಧಾರವಾಡದ ಮಕ್ಕಳಿಂದ ದೊರೆತವು. ‘ಕಿಸೆ’ ಎಂದರೆ ಧಾರವಾಡದ ಮಗುವು ಕೂಡಲೆ ತಿಳಿಯುತ್ತದೆ; ಬೆಂಗಳೂರಿನ ಮಗುವಿಗೆ ‘ಜೇಬು’ ಎನ್ನಬೇಕು. ಅಲ್ಲಿ ‘ಚಲೋ’ ಆದುದು ಇಲ್ಲಿ ‘ಚೆನ್ನಾಗಿ’. ಪ್ರಾಂತಭೇದಕ್ಕೆ ಕಾಲಭೇದವೂ ಸೇರುತ್ತದೆ. ತಲೆಮಾರಿನಿಂದ ತಲೆಮಾರಿಗೆ ಬುದ್ಧಿಪರೀಕ್ಷೆಗಳ ಸರಾಸರಿ ಅಂಕಗಳು ಏರುತ್ತ ಬಂದಿರುವುದು ಅನೇಕ ದೇಶಗಳಲ್ಲಿ ಕಂಡುಬಂದ ಸಂಗತಿ. ಆದುದರಿಂದ ಹಳೆಯ ಮಾನದಂಡದಿಂದ ಅಳೆದ ಇಂದಿನ ಮಗುವಿನ ಬುದ್ಧಿಸೂಚಿಯು ಸಹಜವಾಗಿ ಹೆಚ್ಚಾಗಿ ತೋರುವ ಸಂಭವವುಂಟು. ಇದು ಕೇವಲ ಲೆಕ್ಕದ ಚರ್ಚೆಯಲ್ಲ. 2018ರ ಜನವರಿ 4ರಂದು ಕೇಂದ್ರ ಸರಕಾರವು ಹೊರಡಿಸಿದ ಮಾರ್ಗಸೂಚಿಯು, ಬುದ್ಧಿಸೂಚಿಯು 85ಕ್ಕೆ ಮೇಲ್ಪಟ್ಟಿದ್ದರೆ ಮಾತ್ರ ಕಲಿಕಾ ನ್ಯೂನತೆಯ ಪರೀಕ್ಷೆಗೆ ಮುಂದುವರಿಯಬೇಕೆಂದು ವಿಧಿಸಿತ್ತು. ಅದು ಸೂಚಿಸಿದ್ದು ಬೇರೆ ಬುದ್ಧಿಪರೀಕ್ಷೆಗಳನ್ನು. ಆದರೆ ಯಾವ ಪರೀಕ್ಷೆಯಾದರೇನು, ಗೆರೆಯ ಆಚೆ ಈಚೆ ಇರುವ ಮಗುವಿನ ಪಾಲಿಗೆ ನಾಲ್ಕೈದು ಅಂಕಗಳ ವ್ಯತ್ಯಾಸವು ಒಂದು ಇಡೀ ಶಾಲಾಜೀವನದ ವ್ಯತ್ಯಾಸವಾಗಬಲ್ಲುದು.

ಬುದ್ಧಿಯ ಮಾಪನವು ಒಂದು, ಓದಿನ ಮಾಪನವು ಮತ್ತೊಂದು. ಬುದ್ಧಿಯಲ್ಲಿ ಕುಂದಿಲ್ಲದ ಮಗುವಿಗೆ ಅಕ್ಷರವು ಒಲಿಯದಿರುವುದೇ ಡಿಸ್ಲೆಕ್ಸಿಯ ಎಂಬ ತೊಡಕಿನ ಲಕ್ಷಣ. ಇದನ್ನು ಕಾಮತರ ಪ್ರಶ್ನೆಗಳಿಂದ ಪತ್ತೆಹಚ್ಚಲಾಗುವುದಿಲ್ಲ, ಅವರು ಅದಕ್ಕಾಗಿ ಅವನ್ನು ರಚಿಸಲೂ ಇಲ್ಲ. ಈ ಕೊರತೆಯನ್ನು ತುಂಬಿದ್ದು ಬೆಂಗಳೂರಿನ ನಿಮ್ಹಾನ್ಸ್. ಡಾ. ಮಾಲವಿಕಾ ಕಪೂರರೂ ಅವರ ಸಹೋದ್ಯೋಗಿಗಳೂ 1991ರಲ್ಲಿ ಸಿದ್ಧಪಡಿಸಿದ ಪರೀಕ್ಷಾಮಾಲೆಯಲ್ಲಿ 5ರಿಂದ 7 ವರ್ಷದವರಿಗೆ ಒಂದು ಮಟ್ಟ, 8ರಿಂದ 12 ವರ್ಷದವರಿಗೆ ಮತ್ತೊಂದು ಮಟ್ಟ ಉಂಟು. ಅವಧಾನ, ನೆನಪು, ಕಣ್ಣು ಕೈಗಳ ಹೊಂದಾಣಿಕೆ, ಓದು, ಬರಹ, ಗಣಿತ ಇವನ್ನೆಲ್ಲ ಅದು ಬೇರೆ ಬೇರೆಯಾಗಿ ನೋಡುತ್ತದೆ. ಈ ವಿಂಗಡಣೆಯು ಮೆಚ್ಚತಕ್ಕದ್ದು. ಆದರೆ ಅದರ ಓದುಬರಹದ ಭಾಗವು ಮೂಲದಲ್ಲಿ ಪ್ರಧಾನವಾಗಿ ಇಂಗ್ಲಿಷಿಗೆ ಸಂಬಂಧಿಸಿದ್ದು. ಕನ್ನಡದ ಅಧ್ಯಾಪಕರು ತಮ್ಮ ವಿದ್ಯೆಯನ್ನು ತರಬೇಕಾದ ಸ್ಥಳವು ಇದೇ.

ಇಂಗ್ಲಿಷಿನ ಅಕ್ಷರಗಳು 26. ಕನ್ನಡದ 34 ವ್ಯಂಜನಗಳಿಗೆ ಕಾಗುಣಿತವನ್ನು ಹಚ್ಚಿದರೆ ನಾನೂರಕ್ಕೆ ಮೇಲ್ಪಟ್ಟು ರೂಪಗಳಾಗುತ್ತವೆ. ಒತ್ತಕ್ಷರಗಳ ಲೆಕ್ಕ ಬೇರೆ. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಕನ್ನಡದ ಅಕ್ಷರಜ್ಞಾನವು ಮೊದಲ ಒಂದೆರಡು ತರಗತಿಗಳಲ್ಲಿ ಮುಗಿಯದೆ ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ಸಾಗುತ್ತದೆಂಬುದನ್ನು ತೋರಿಸಿತು. ಹೀಗಿರುವಲ್ಲಿ, ಇಂಗ್ಲಿಷಿನ ಕಾಲಮಾನವನ್ನು ಹಿಡಿದು ಎರಡನೆಯ ತರಗತಿಯ ಕನ್ನಡ ಬಾಲಕನನ್ನು ‘ಹಿಂದುಳಿದವನು’ ಎನ್ನುವುದು ಅನ್ಯಾಯವೇ ಸರಿ. ಇದಕ್ಕೆ ಪ್ರತಿಯಾದ ಅನ್ಯಾಯವೂ ಒಂದುಂಟು: ‘ಕನ್ನಡವು ಬರೆದಂತೆ ಓದುವ ಭಾಷೆ, ಇದರಲ್ಲಿ ಡಿಸ್ಲೆಕ್ಸಿಯ ಎಲ್ಲಿಂದ ಬಂತು’ ಎಂದು ನಿಜವಾದ ತೊಡಕನ್ನೇ ಅಲ್ಲಗಳೆಯುವುದು. ಎಸ್. ರಮಾ, ಟಿ. ಆರ್. ಮೈಲ್ಸ್, ಎಂ. ಎಸ್. ಲಲಿತಮ್ಮ ಇವರು 1993ರಲ್ಲಿ ಪ್ರಕಟಿಸಿದ ಲೇಖನವು ಕನ್ನಡದ ಓದುಗರಲ್ಲಿಯೂ ಈ ತೊಡಕು ಉಂಟೆಂಬುದನ್ನು ನಿರೂಪಿಸಿದೆ.

ಕನ್ನಡದ ಮಗುವು ಎಡವುವ ಸ್ಥಳಗಳು ಕನ್ನಡದವೇ. ಇಂಗ್ಲಿಷಿನ ಪರೀಕ್ಷಕನು ‘ಬಿ’ ‘ಡಿ’ಗಳು ತಿರುಗುಮುರುಗಾಗುವುದನ್ನು ಹುಡುಕುತ್ತಾನೆ. ನಮ್ಮಲ್ಲಿ ನೋಡಬೇಕಾದುದು ‘ದ–ಧ’, ‘ಪ–ಷ’, ‘ಮ–ವ’ಗಳ ರೂಪಸಾಮ್ಯವನ್ನು, ‘ಕೆ–ಕೇ’, ‘ಕಿ–ಕೀ’ಗಳ ದೀರ್ಘವನ್ನು, ಒತ್ತು ಯಾವ ಅಕ್ಷರದ ಕೆಳಗೆ ಬಿದ್ದಿತೆಂಬುದನ್ನು. ಅರ್ಕಾವೊತ್ತಿನ ಸಂಗತಿಯಂತೂ ಸ್ವಾರಸ್ಯಕರವಾಗಿದೆ. ‘ಸೂರ್ಯ’ ಎಂಬಲ್ಲಿ ರೇಫೆಯು ಉಚ್ಚಾರದಲ್ಲಿ ಮೊದಲು, ಬರಹದಲ್ಲಿ ಕೊನೆ. ಎಡದಿಂದ ಬಲಕ್ಕೆ ನಿಷ್ಠೆಯಿಂದ ಓದುವ ಬಾಲಕನು ‘ಸೂಯ್ರ’ ಎಂದರೆ ಅವನು ನಿಯಮವನ್ನು ಮುರಿದವನಲ್ಲ, ಅತಿಯಾಗಿ ಪಾಲಿಸಿದವನು. ಏಳು ವರ್ಷದವನಲ್ಲಿ ಇದು ಸಹಜ; ಹನ್ನೊಂದು ವರ್ಷದವನಲ್ಲಿ ಉಳಿದಿದ್ದರೆ ವಿಚಾರಿಸತಕ್ಕ ವಿಷಯ.

ಇನ್ನೂ ಸೂಕ್ಷ್ಮವಾದುದು ಆಡುಮಾತಿನ ಪ್ರಶ್ನೆ. ಹಳೆಯ ಮೈಸೂರಿನ ಅನೇಕ ಮನೆಗಳಲ್ಲಿ ‘ಹಾಲು’ ‘ಆಲು’ ಆಗಿಯೇ ಕೇಳಿಸುತ್ತದೆ. ಮಹಾಪ್ರಾಣವು ಮಾತಿನಲ್ಲಿ ಇರುವುದೇ ಅಪೂರ್ವ. ಅಂತಹ ಮನೆಯ ಮಗುವು ‘ಬಾಸೆ’, ‘ಗಂಟೆ’, ‘ಆಸೆ’ ಎಂದು ಬರೆದರೆ ಮೊದಲನೆಯದಕ್ಕೆ ತಪ್ಪೆಂದು ಗೆರೆಯೆಳೆದು, ಉಳಿದೆರಡನ್ನು ಸರಿಯೆನ್ನುತ್ತೇವೆ. ‘ಘಂಟಾ’ ಶಬ್ದವು ‘ಗಂಟೆ’ಯಾದುದೂ ‘ಆಶಾ’ ಶಬ್ದವು ‘ಆಸೆ’ಯಾದುದೂ ಯಾವ ಬಾಯಿಂದಲೋ ‘ಭಾಷಾ’ ಶಬ್ದವು ‘ಬಾಸೆ’ಯಾದುದೂ ಅದೇ ಬಾಯಿಂದ. ಕೇಶಿರಾಜನು 13ನೆಯ ಶತಮಾನದಲ್ಲಿಯೇ ಇಂತಹ ತದ್ಭವಗಳಿಗಾಗಿ ಅಪಭ್ರಂಶ ಪ್ರಕರಣವನ್ನು ಮೀಸಲಿಟ್ಟನು. ‘ಶಬ್ದಮಣಿದರ್ಪಣ’ವನ್ನು ಓದಿದ ಪಂಡಿತನಿಗೆ ಭಾಷೆಯ ನಡಿಗೆಯಾಗಿ ತೋರುವುದು, ಅದನ್ನರಿಯದ ಪರೀಕ್ಷಕನಿಗೆ ಮೆದುಳಿನ ದೋಷವಾಗಿ ತೋರುವುದು ವಿಷಾದಕರ. ಮನೆಯ ಮಾತಿನಿಂದ ಬಂದ ಬರಹದ ತಪ್ಪನ್ನೂ ಅಕ್ಷರದ ತೊಡಕಿನಿಂದ ಬಂದ ತಪ್ಪನ್ನೂ ಪ್ರತ್ಯೇಕಿಸಿ ಎಣಿಸದ ವರದಿಯು, ಎಷ್ಟು ಪುಟಗಳಿದ್ದರೂ, ನಂಬಲರ್ಹವಲ್ಲ.

ಈ ಮಾತು ನಗರದಲ್ಲಿ ಹೇಗೆ ಅನ್ವಯಿಸುತ್ತದೆಂಬುದಕ್ಕೆ ಮಲ್ಲೇಶ್ವರದ ಮಗ್ಗುಲಿನ ವೈಯಾಲಿಕಾವಲನ್ನು ತೆಗೆದುಕೊಳ್ಳೋಣ. ತೆಲುಗು ವಿಜ್ಞಾನ ಸಮಿತಿಯು ನೆಲೆಸಿರುವ ಬಡಾವಣೆ ಅದು. ಅಲ್ಲಿ ಮನೆಯೊಳಗೆ ತೆಲುಗು ಅಥವಾ ತಮಿಳು, ಬೀದಿಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್ ಎನ್ನುವ ಬಾಲಕನು ವಿರಳನಲ್ಲ. ಅಂತಹ ಒಬ್ಬನನ್ನು ಭಾವಿಸೋಣ. ನಾಲ್ಕನೆಯ ತರಗತಿಯಲ್ಲಿ ಅವನ ಓದು ನಿಂತಿದೆ. ಶಾಲೆಯವರು ಪರೀಕ್ಷೆ ಮಾಡಿಸಿರೆನ್ನುತ್ತಾರೆ. ಪರೀಕ್ಷೆಯು ಇಂಗ್ಲಿಷಿನಲ್ಲಿ ನಡೆದು ‘ನ್ಯೂನತೆ ಉಂಟು’ ಎಂಬ ವರದಿಯು ಬರುತ್ತದೆ. ಅವನಿಗೆ ದೊರೆಯುವ ರಿಯಾಯಿತಿಗಳಲ್ಲಿ ಒಂದು, ಭಾಷಾವಿಷಯದಿಂದ ವಿನಾಯಿತಿ. ಕೇಂದ್ರೀಯ ಪ್ರೌಢಶಿಕ್ಷಣ ಮಂಡಲಿಯಂತೂ ಇಂತಹ ವಿದ್ಯಾರ್ಥಿಗಳು ಎರಡು ಭಾಷೆಗಳ ಬದಲು ಒಂದನ್ನೇ ಓದಬಹುದೆನ್ನುತ್ತದೆ. ಯಾವುದನ್ನು ಬಿಡುವರೆಂದು ಕೇಳುವ ಅಗತ್ಯವಿಲ್ಲ. ಇಂಗ್ಲಿಷಿನಲ್ಲಿ ಎಡವಿದ ಬಾಲಕನನ್ನು ಕನ್ನಡದಿಂದ ಬಿಡುಗಡೆ ಮಾಡಲಾಗುತ್ತದೆ. ಕನ್ನಡದಲ್ಲಿ ಅವನು ಎಡವಿದನೋ ಇಲ್ಲವೋ, ಅದನ್ನು ಯಾರೂ ನೋಡಿರುವುದೇ ಇಲ್ಲ. ಬರೆದಂತೆಯೇ ಓದುವ ಲಿಪಿಯಲ್ಲಿ ಅವನು ಸುಲಭವಾಗಿ ಸಾಗುತ್ತಿದ್ದಿರಬಹುದು. ಆಗ ಅವನಿಗೆ ಒಲಿಯಬಹುದಾಗಿದ್ದ ಒಂದು ಅಕ್ಷರಮಾಲೆಯನ್ನು ದಯೆಯ ಹೆಸರಿನಲ್ಲಿ ಅವನಿಂದ ಕಿತ್ತುಕೊಂಡಂತಾಯಿತು.

ವಿನಾಯಿತಿಯೇ ಕೂಡದೆಂದು ನಮ್ಮ ವಾದವಲ್ಲ. ಅಕ್ಷರವು ನಿಜವಾಗಿ ಹಗೆಯಾದ ಮಗುವನ್ನು ಭಾಷಾಭಿಮಾನದ ಹೆಸರಿನಲ್ಲಿ ಹಿಂಸಿಸುವುದು ಕ್ರೌರ್ಯ. ನಮ್ಮ ಆಕ್ಷೇಪವು ಪರೀಕ್ಷಿಸದೆ ಕೊಡುವ ತೀರ್ಪಿನ ಮೇಲೆ. ಯಾವ ಭಾಷೆಯಿಂದ ವಿನಾಯಿತಿಯನ್ನು ಶಿಫಾರಸು ಮಾಡಲಾಗುವುದೋ ಆ ಭಾಷೆಯಲ್ಲಿ ಪರೀಕ್ಷೆ ನಡೆದಿರತಕ್ಕದ್ದು. ವರದಿಯ ಮೊದಲ ಪುಟದಲ್ಲಿಯೇ ಮನೆಮಾತು ಯಾವುದು, ಮಗುವು ಕನ್ನಡವನ್ನು ಎಷ್ಟು ವರ್ಷ ಓದಿದೆ, ಪರೀಕ್ಷಕನು ಕನ್ನಡವನ್ನು ಓದಬಲ್ಲನೆ, ಮಾನದಂಡಗಳು ಯಾವ ವರ್ಷದವು, ಯಾವ ಊರಿನವು ಎಂಬುದು ಇರಬೇಕು. ಪ್ರಾಚೀನ ಕಾವ್ಯವನ್ನು ಸಂಪಾದಿಸುವವರಿಂದ ಪ್ರತಿ ಎಲ್ಲಿಯದು, ಲಿಪಿಕಾಲ ಯಾವುದು ಎಂದು ಕೇಳುವ ನಾವು, ಒಂದು ಮಗುವಿನ ಭವಿಷ್ಯವನ್ನು ಬರೆಯುವವರಿಂದ ಅಷ್ಟನ್ನಾದರೂ ಕೇಳಬಹುದಷ್ಟೆ.

ದಾರಿಯು ಸಂಪೂರ್ಣವಾಗಿ ಮುಚ್ಚಿಲ್ಲ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮೆದುಳು ಸಂಶೋಧನ ಕೇಂದ್ರವು 2015ರಲ್ಲಿ ಹೊರತಂದ ‘ಡಾಲಿ’ ಎಂಬ ಪರೀಕ್ಷಾಸಾಧನದಲ್ಲಿ ಹಿಂದಿ, ಮರಾಠಿ, ಇಂಗ್ಲಿಷುಗಳೊಡನೆ ಕನ್ನಡವೂ ಸೇರಿದೆ. ಉಪಾಧ್ಯಾಯರಿಗೆ ಒಂದು ಪ್ರಾಥಮಿಕ ಪಟ್ಟಿ, ತಜ್ಞರಿಗೆ ವಿಸ್ತಾರವಾದ ಪರೀಕ್ಷೆ ಎಂದು ಅದನ್ನು ವಿಭಾಗಿಸಿರುವುದು ಯುಕ್ತವಾಗಿದೆ. ಆದರೆ ಇಂತಹ ಸಾಧನವು ನಿಲ್ಲಬೇಕಾದುದು ಪದಗಳ ಆಯ್ಕೆಯ ಮೇಲೆ. ಬೀದರಿನ, ಧಾರವಾಡದ, ಮಂಗಳೂರಿನ, ಮೈಸೂರಿನ ಎಂಟು ವರ್ಷದ ಮಗುವು ಯಾವ ಪದಗಳನ್ನು ನಿಜವಾಗಿ ಬಲ್ಲದು, ಯಾವ ಒತ್ತಕ್ಷರಗಳು ಅದರ ಕಣ್ಣಿಗೆ ಎಷ್ಟು ಸಲ ಬೀಳುತ್ತವೆ ಎಂಬುದನ್ನು ಎಣಿಸಿ ಇಟ್ಟ ಪಟ್ಟಿಗಳು ಇದಕ್ಕೆ ಬೇಕು. ಪಠ್ಯಪುಸ್ತಕದಲ್ಲಿಲ್ಲದ, ಆದರೆ ಆ ತರಗತಿಗೆ ಮೀರದ ಗದ್ಯಖಂಡಗಳೂ ಬೇಕು. ಬಾಯಿಪಾಠವಾದ ಪಾಠವನ್ನು ಒಪ್ಪಿಸಿದ ಮಗುವನ್ನು ‘ಓದಬಲ್ಲದು’ ಎಂದು ತಿಳಿದು ಮೋಸಹೋಗುವುದು ಅತಿ ಸುಲಭ. ಶಬ್ದಸಂಗ್ರಹ, ಪ್ರಾಂತಭೇದನಿರ್ಣಯ, ಗದ್ಯದ ಕಾಠಿನ್ಯವಿಚಾರ ಇವೆಲ್ಲ ಭಾಷಾಧ್ಯಾಪಕರ ಕಸುಬು. ಧಾರವಾಡದಲ್ಲಿ ಕಾಮತರು ಈ ಕೆಲಸದ ಒಂದು ಭಾಗವನ್ನು ಮಾಡಿದರು; ಬೆಂಗಳೂರು ಮೈಸೂರುಗಳ ಕನ್ನಡ ವಿಭಾಗಗಳು ಪ್ರಾಥಮಿಕ ಶಾಲೆಯ ಮಕ್ಕಳ ಆಡುನುಡಿಯನ್ನು ಸಂಗ್ರಹಿಸಲು ಎರಡು ವರ್ಷ ವಿನಿಯೋಗಿಸಿದರೆ, ಅವರ ಗ್ರಂಥಕ್ಕೆ ಕಾಲೋಚಿತವಾದ ಪರಿಷ್ಕರಣಕ್ಕೂ ಓದಿನ ಪರೀಕ್ಷೆಗೂ ಬೇಕಾದ ಸಾಮಗ್ರಿಯು ದೊರೆಯುವುದು.