ಗುಬ್ಬಿ ವೀರಣ್ಣ: ರಂಗದಿಂದ ತೆರೆಗೆ

1884ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಯಲ್ಲಿ ಬಾಲನಟರಾಗಿ ಬೆಳೆದ ವೀರಣ್ಣನವರನ್ನು (1891–1972) ವಿಮರ್ಶೆಯು ಬಹುಮಟ್ಟಿಗೆ ಕಂಪನಿಯ ಒಡೆಯರೆಂದೇ ಗುರುತಿಸಿದೆ. ಅವರೊಳಗಿನ ನಟನಿಗೆ ಸಲ್ಲಬೇಕಾದ ಗಮನ ಸಂದಿಲ್ಲ. ‘ಸದಾರಮೆ’ಯ ಕಳ್ಳನ ಪಾತ್ರದಲ್ಲಿ ಅವರ ಹಾಸ್ಯವು ಸಭೆಯ ನಗೆಯನ್ನು ಅನುಸರಿಸಿ ಹಿಗ್ಗುತ್ತಿದ್ದ ಆಶುಸಂಭಾಷಣೆಯನ್ನು ಅವಲಂಬಿಸಿತ್ತು. 1935ರಲ್ಲಿ ಆ ನಾಟಕವು ವಾಕ್ಚಿತ್ರವಾದಾಗ ಪಾತ್ರ ಉಳಿಯಿತು. ಎದುರಿನ ಸಭೆ ಉಳಿಯಲಿಲ್ಲ. ಚಿತ್ರನಟರಾಗಿ ಅವರ ಮಿತಿಗೆ ಕಾರಣವನ್ನು ಪ್ರತಿಭೆಯ ಕೊರತೆಯಲ್ಲಲ್ಲ, ಈ ಅಗಲಿಕೆಯಲ್ಲಿ ಅರಸಬೇಕು.

ಆದರೆ ರಂಗದ ಆ ಶಿಸ್ತು ತೆರೆಯಿಂದ ಮರೆಯಾಗಲಿಲ್ಲ. ಅವರ ಕಂಪನಿಯಲ್ಲಿ ಪಳಗಿದ ರಾಜಕುಮಾರ್, ಜಿ.ವಿ. ಅಯ್ಯರ್, ನರಸಿಂಹರಾಜು 1954ರ ‘ಬೇಡರ ಕಣ್ಣಪ್ಪ’ದಲ್ಲಿ ಒಟ್ಟಿಗೆ ಕಾಣಿಸಿಕೊಂಡರು. ವೀರಣ್ಣನವರ ಚಿತ್ರಜೀವನವನ್ನು ಅವರು ನಟಿಸಿದ ಚಿತ್ರಗಳ ಸಂಖ್ಯೆಯಿಂದಲ್ಲ, ಈ ಪರಂಪರೆಯಿಂದ ಅಳೆಯುವುದೇ ನ್ಯಾಯ.