ಹಳೆಯ ನೀರು, ಹೊಸ ರೇಡಿಯಂ

ಜೋರ್ಡಾನಿನ ದಕ್ಷಿಣ ಭಾಗದಲ್ಲಿ, ವಾದಿ ರಮ್‌ನ ಕೆಂಪು ಮರಳುಗಲ್ಲಿನ ಮಗ್ಗುಲಲ್ಲಿ ದಿಸಿ ಎಂಬ ಜಾಗವಿದೆ. ಅಲ್ಲಿನ ಆಳದ ಬಾವಿಗಳ ನೀರು ಸಿಹಿ, ತಿಳಿ. ಮಳೆಯೇ ಅಪರೂಪವಾದ ಸೀಮೆಗೆ ಇಷ್ಟು ನೀರು ಎಲ್ಲಿಂದ ಬಂತು ಎಂದರೆ, ಸುಮಾರು 30,000 ವರ್ಷಗಳ ಹಿಂದೆ ಬಿದ್ದ ಮಳೆ ಕಲ್ಲಿನೊಳಗೆ ಇಳಿದು ಕೂತದ್ದು.

2009ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಅವ್ನರ್ ವೆಂಗೋಶ್ ಮತ್ತು ಸಂಗಡಿಗರು ಈ ನೀರಿನಲ್ಲಿ ವಿಕಿರಣ ಸೂಸುವ ರೇಡಿಯಂ ಇರುವುದನ್ನು ತೋರಿಸಿದರು. ಕೆಲವು ಬಾವಿಗಳಲ್ಲಿ ಅದು ಕುಡಿಯುವ ನೀರಿನ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಸುದ್ದಿಯಾದದ್ದು ಆ ಅಳತೆ. ನಾನು ಮತ್ತೆ ಮತ್ತೆ ಸವಿಯುವುದು ಅದರ ಹಿಂದಿನ ತರ್ಕವನ್ನು.

ನೀರಿನಲ್ಲಿ ಎರಡು ಬಗೆಯ ರೇಡಿಯಂ ಇತ್ತು. ರೇಡಿಯಂ-226 ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ರೇಡಿಯಂ-228ಕ್ಕೆ 5.75 ವರ್ಷ ಸಾಕು. ಇಷ್ಟು ಬೇಗ ಸವೆಯುವ ವಸ್ತು, ಇಷ್ಟು ನಿಧಾನವಾಗಿ ಸರಿಯುವ ನೀರಿನಲ್ಲಿ ದೂರದಿಂದ ತೇಲಿ ಬಂದಿರಲು ಹೇಗೆ ಸಾಧ್ಯ? ಎಲೆಗೆ ಬಿದ್ದ ಹೋಳಿಗೆ ಕೈ ಸುಡುತ್ತಿದೆ ಎಂದರೆ ಒಲೆ ಪಕ್ಕದಲ್ಲೇ ಇರಬೇಕು! ಇಲ್ಲಿ ಒಲೆ ಎಂದರೆ ಸುತ್ತಲಿನ ಮರಳುಗಲ್ಲು. ಅದರ ಕಣಗಳಲ್ಲಿರುವ ಥೋರಿಯಂ ನೀರಿಗೆ ಸುಲಭವಾಗಿ ಕರಗುವುದಿಲ್ಲ. ಆದರೆ ಅದರ ಪರಮಾಣು ಒಡೆದಾಗ ಹುಟ್ಟುವ ರೇಡಿಯಂ, ಆ ಒದೆತಕ್ಕೇ ಕಣದ ಅಂಚಿನಿಂದ ನೀರಿಗೆ ಚಿಮ್ಮುತ್ತದೆ. ನೀರು ಹಳೆಯದು, ರೇಡಿಯಂ ಮೊನ್ನೆಯದು.

ಸೂಕ್ಷ್ಮ ಇನ್ನೂ ಒಂದಿದೆ. ಸಾಮಾನ್ಯವಾಗಿ ರೇಡಿಯಂ ಉಪ್ಪುನೀರಿನಲ್ಲಿ ಬಿಡಿಯಾಗಿ ಉಳಿಯುತ್ತದೆ, ಸಿಹಿನೀರಿನಲ್ಲಾದರೆ ಜೇಡಿಗೆ ಅಂಟಿಕೊಂಡು ನೀರಿನಿಂದ ದೂರವಾಗುತ್ತದೆ. ಹಾಗಾಗಿ ಸಿಹಿನೀರಿನ ಬಗ್ಗೆ ಇಂಥ ಅನುಮಾನ ಬರುವುದು ಕಡಿಮೆ. ದಿಸಿಯ ಕಲ್ಲಿನಲ್ಲೋ ಅಂಟಿಕೊಳ್ಳಲು ಸಾಕಷ್ಟು ಜೇಡಿಯೇ ಇಲ್ಲ. ಜೇಡಿ ಬೆರೆಯದ ಮರಳುಗಲ್ಲು ನೀರನ್ನು ಧಾರಾಳವಾಗಿ ಹಿಡಿಯುತ್ತದೆ, ಸಲೀಸಾಗಿ ಬಿಟ್ಟುಕೊಡುತ್ತದೆ. ಬಾವಿ ತೋಡುವವರು ಹುಡುಕುವುದು ಇದೇ ಗುಣವನ್ನು. ರೇಡಿಯಂ ನೀರಿನಲ್ಲಿ ಉಳಿದದ್ದೂ ಇದೇ ಗುಣದಿಂದ.

2013ರಿಂದ ಈ ನೀರು 325 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ರಾಜಧಾನಿ ಅಮ್ಮಾನ್‌ಗೆ ಹೋಗುತ್ತಿದೆ. ಅಷ್ಟೊಂದು ಬಾಯಾರಿದ ಊರಿಗೆ ಇದನ್ನು ಬೇಡವೆನ್ನುವುದು ಸುಲಭವಲ್ಲ, ಬೇಡವೆನ್ನಬೇಕಾಗಿಯೂ ಇಲ್ಲ. ರೇಡಿಯಂ ಕಡಿಮೆ ಇರುವ ನೀರಿನ ಜೊತೆ ಬೆರೆಸಬಹುದು. ಗಡಸು ನೀರನ್ನು ಮೆದುಗೊಳಿಸುವ ರಾಳವನ್ನೂ ಬಳಸಬಹುದು. ಕುಡಿದ ನೀರಿನ ರೇಡಿಯಂ ಮೂಳೆ ಸೇರುವುದು ಅದು ಕ್ಯಾಲ್ಸಿಯಂನಂತೆ ವರ್ತಿಸುವುದರಿಂದ. ರಾಳಕ್ಕೆ ಅದು ಸಿಕ್ಕಿಬೀಳುವುದೂ ಆ ಕಾರಣಕ್ಕೇ.